ಹೆಡ್ಡಾಫೀಸಿನ ಬಿಸಿಲು

ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಅವನನ್ನು ಅಲ್ಲಿನವರು ‘ಗೇಟು’ ಎಂದೇ ಕರೆಯುತ್ತಿದ್ದರು. ಮನೆಯಿಂದ ಕೆಲಸ ಮಾಡುವವರ ಇಂಟರ್ನೆಟ್ಟೆಲ್ಲ ವಿಪಿಎನ್ ಎಂಬ ಸುರಕ್ಷಿತ ದಾರಿಯ ಮೂಲಕ ದೂರದ ಹೆಡ್ಡಾಫೀಸಿಗೆ ಹೋಗಿಯೇ ಹೊರಬೀಳಬೇಕೆಂಬ ಕಟ್ಟಪ್ಪಣೆ ಅವನದೇ. ನಿಧಾನ, ನಿಧಾನ ಎಂದು ಎಲ್ಲರೂ ಗೋಗರೆಯುತ್ತಿದ್ದರು. ಅವನು ಜಪ್ಪಯ್ಯ ಎಂದರೂ ಬಗ್ಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮನೆಯಲ್ಲೇ ಕೆಲಸಕ್ಕೆ ಕೂತಿದ್ದಾಗ ಅಮ್ಮ ಕೇಳಿದರು: “ಮಳೆ ಬರುತ್ತೇನೋ? ರಜಾಯಿ ಒಗೆದಿದ್ದೀನಿ.”

ಲ್ಯಾಪ್‌ಟಾಪಿನಲ್ಲಿ ಹವಾಮಾನ ನೋಡಿ, “ದಿನವಿಡೀ ಬಿಸಿಲಂತಮ್ಮ, ಒಣಗಹಾಕು” ಎಂದ. ಮಧ್ಯಾಹ್ನದೊಳಗೆ ರಜಾಯಿ ಮಳೆಗೆ ತೊಪ್ಪೆಯಾಗಿತ್ತು.

“ಅದು ಹೆಡ್ಡಾಫೀಸಿನ ಊರಿನ ಬಿಸಿಲಮ್ಮ,” ಎಂದ ಪೆಚ್ಚಾಗಿ. “ನಾನೂ ಅಲ್ಲೇ ಇದ್ದೀನಿ ಅಂದ್ಕೊಂಡಿದೆ ಇಂಟರ್ನೆಟ್ಟು.”

ಅಂದೇ ನಿಯಮ ಬದಲಾಯಿತು: ಆಫೀಸಿನ ಕೆಲಸವಷ್ಟೇ ಹೆಡ್ಡಾಫೀಸಿನ ದಾರಿ ಹಿಡಿಯಲಿ, ಉಳಿದದ್ದು ಮನೆಯಿಂದ ನೇರ ಹೋಗಲಿ. ಮರುದಿನ ಎಲ್ಲರೂ ಹೊಗಳಿದರು. ಅಮ್ಮ ಮಾತ್ರ ಒದ್ದೆ ರಜಾಯಿ ಹರವುತ್ತ ಕೇಳಿದರು:

“ಕಿಟಕಿ ಪಕ್ಕದಲ್ಲೇ ಕೂತಿದ್ಯಲ್ಲೋ, ತಲೆ ಎತ್ತಿ ನೋಡೋಕೇನಾಗಿತ್ತು?”