ಎದೆಯೊಳಗಿನ ಕೂಸು

ನನ್ನ ಗಂಡ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್. ಹಾರ್ಟ್ ಅಟ್ಯಾಕ್ ಆದಾಗ ರಾಯಚೂರಿನ ಡಾಕ್ಟರು ಜೀವ ಉಳಿಸಿದರು, ಆದರೆ ಹೃದಯದ ಒಂದು ಗೋಡೆ ಸತ್ತುಹೋಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಹೊಸ ಚಿಕಿತ್ಸೆಯ ಪ್ರಯೋಗ ನಡೆದಿದೆ ಎಂದು ಕೇಳಿ ಹೋದೆವು. ಯಾವುದೋ ಹಸುಗೂಸಿನ ಹೊಕ್ಕಳಬಳ್ಳಿಯಿಂದ ತೆಗೆದು ಬೆಳೆಸಿದ ಜೀವಕೋಶಗಳನ್ನು ಹೃದಯಕ್ಕೆ ಬಿಡುತ್ತಾರಂತೆ. ಸತ್ತ ಗೋಡೆ ಮತ್ತೆ ಮಿಡಿಯಬಹುದಂತೆ. ಆದರೆ ಅರ್ಧ ಜನರಿಗೆ ಬಿಡುವುದು ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಆರು ತಿಂಗಳು ಗುಟ್ಟು. ಒಪ್ಪಿಕೊಂಡು, ಚಿಕಿತ್ಸೆ ಮುಗಿಸಿ ಮನೆಗೆ ಬಂದೆವು.

ಮಗನನ್ನು ನೋಡಿಕೊಳ್ಳಲು ಬಂದ ಅತ್ತೆಗೆ ಹೊಕ್ಕಳಬಳ್ಳಿಯ ವಿಷಯವಷ್ಟೇ ಹೇಳಿದೆ, ಉಪ್ಪುನೀರಿನದು ಹೇಳಲಿಲ್ಲ. ಹೇಳಿದರೆ ಅವರ ಪ್ರಶ್ನೆಗಳು ಮುಗಿಯುವುದಿಲ್ಲ, ನನಗೆ ತಾಳ್ಮೆ ಕಡಿಮೆ. ಮಾನ್ವಿ ಕಡೆಯ ತಮ್ಮೂರು ಕುರ್ಡಿಯಲ್ಲಿ ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದವರು ಅವರು. ಅರ್ಧ ಊರಿನ ಹೊಕ್ಕಳಬಳ್ಳಿ ಹೂತ ಕೈ ಅದು.

“ಹೊಕ್ಕಳ ಹುರಿ ಬಂತಂದ್ರ ಅದರ ಹಿಂದ ಕೂಸೂ ಬರತದಬೇ. ಆ ಕೂಸು ಎಲ್ಲಿ ಅದ?” ಎಂದರು.

“ಅದರ ಮನ್ಯಾಗ ಆಡಾಕತ್ತಿರತದ ಬಿಡ್ರಿ ಅತ್ತಿ,” ಎಂದು ನಕ್ಕೆ.

ಅವರು ನಗಲಿಲ್ಲ. ಹಣೆಬರಹ ಬರೆಯುವ ತಾಯಿ ಬರುತ್ತಾಳೆಂದು ಹೆರಿಗೆಯಾದ ಐದನೆಯ ದಿನ ಕೂಸಿನ ಹತ್ತಿರ ಇಡುವಂತೆ, ಐವತ್ತೆರಡು ವರ್ಷದ ಮಗನ ತಲೆದಿಂಬಿನ ಬಳಿ ದೀಪ, ಖಾಲಿ ಹಾಳೆ, ಪೆನ್ನು ಇಟ್ಟರು. ಅಂದಿನಿಂದ ದಿನಾ ಮಧ್ಯಾಹ್ನ ಮಗನ ಎದೆಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ತಟ್ಟುತ್ತಿದ್ದರು. “ಅಳಾಕತ್ತದ,” ಎನ್ನುವರು. ಸ್ವಲ್ಪ ಹೊತ್ತಾದ ಮೇಲೆ, “ಹ್ಞಾಂ, ಮಲಗಿತು.”

ಒಂದು ದಿನ ನಾನೂ ಕಿವಿಯಿಟ್ಟೆ. ಗಂಡನ ಎದೆಬಡಿತದ ಅಡಿಯಲ್ಲಿ ಇನ್ನೊಂದು, ಸಣ್ಣ, ಅವಸರದ ಬಡಿತ. ಮರುಕ್ಷಣ ಖುಷಿಯಿಂದ ಕಣ್ಣು ತುಂಬಿತು; ಗೋಡೆಗೆ ಜೀವ ಬಂದಿದೆ ಎಂದುಕೊಂಡೆ.

ಆರು ತಿಂಗಳಿಗೆ ಆಸ್ಪತ್ರೆಯಿಂದ ಫೋನ್ ಬಂತು. ಉಪ್ಪುನೀರು. ಸ್ಕ್ಯಾನಿನಲ್ಲೂ ಆ ಗೋಡೆ ಸತ್ತಂತೆಯೇ ಇತ್ತು. ಇನ್ನು ಮುಚ್ಚಿಡುವುದೇನು ಎಂದು ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಆಗಲೂ ಅವರ ಕೈ ಮಗನ ಎದೆಯ ಮೇಲಿತ್ತು.

“ಯಾವ ಕೂಸಿಂದೂ ಏನೂ ಬಿಟ್ಟಿಲ್ಲ?”

“ಇಲ್ರಿ.”

“ಹಂಗಾರ ಇಷ್ಟು ದಿನ ನಾ ಮಲಗಿಸಿದ್ದು ಯಾರನ್ನಬೇ?”

ಕೈ ತೆಗೆದರು. ಬಚ್ಚಲಿಗೆ ಹೋಗಿ ಮೊಣಕೈವರೆಗೆ ತೊಳೆದುಕೊಂಡು, ಅವತ್ತೇ ಊರಿಗೆ ಹೋದರು. ಈಗಲೂ ಬರುತ್ತಾರೆ, ಉಣ್ಣುತ್ತಾರೆ, ದೂರ ಕೂತು ಮಗನ ಜೊತೆ ಮಾತಾಡುತ್ತಾರೆ, ಮುಟ್ಟುವುದಿಲ್ಲ. ಅವರಿಗೇನು, ಸಂಜೆಯ ಮಾನ್ವಿ ಬಸ್ಸು ಹಿಡಿಯುತ್ತಾರೆ. ನಾನು ಆ ಎದೆಯ ಪಕ್ಕದಲ್ಲೇ ಮಲಗಬೇಕು.