ಸಹಿ ಹಾಕಿದ ಅಕ್ಕ

ಬೈರಕೂರಿನ ತವರಿಗೆ ವೆಂಕಟರತ್ನಮ್ಮ ಒಳ್ಳೆಯ ಮಗಳು. ಅಪ್ಪ ತೀರಿಕೊಂಡ ವರ್ಷ ತಮ್ಮ ಅಮರನಾಥ್ ಹಕ್ಕು ಖುಲಾಸೆ ಪತ್ರ ಮುಂದಿಟ್ಟಾಗ ಓದದೆಯೇ ಸಹಿ ಹಾಕಿದ್ದಳು. ಮಾವಿನ ತೋಪು ತಮ್ಮನದಾದರೇನು, ಹಬ್ಬಕ್ಕೆ ಕರೆಯುವ ತವರು ಉಳಿಯಿತಲ್ಲ.

ತಂಗಿ ಸುನಂದ ಸಹಿ ಹಾಕಲಿಲ್ಲ. ಪಂಚಾಯಿತಿಯಲ್ಲಿ ನಡೆದ ಕಾನೂನು ಅರಿವು ಶಿಬಿರಕ್ಕೆ ಇಬ್ಬರೂ ಒಟ್ಟಿಗೇ ಹೋಗಿದ್ದರು. ಹೆಣ್ಣುಮಕ್ಕಳಿಗೂ ಸಮಪಾಲು, ವಕೀಲರೂ ಪುಕ್ಕಟೆ ಎಂದು ಅಲ್ಲಿ ಹೇಳುವಾಗ ವೆಂಕಟರತ್ನಮ್ಮ ಪಕ್ಕದಲ್ಲಿ ಕೂತವಳ ಕಿವಿಯೋಲೆ ನೋಡುತ್ತಿದ್ದಳು. ತಂಗಿ ಕೇಳಿಸಿಕೊಳ್ಳುತ್ತಿದ್ದಳು. ಪುಕ್ಕಟೆ ಸಿಕ್ಕ ವಕೀಲೆಯೊಬ್ಬರನ್ನು ಹಿಡಿದು ಮುಳಬಾಗಿಲು ಕೋರ್ಟಿನಲ್ಲಿ ದಾವೆ ಹಾಕಿಯೇಬಿಟ್ಟಳು.

“ಒಡಹುಟ್ಟಿದವನನ್ನೇ ಕಟಕಟೆಗೆ ಎಳೆದ್ಲಲ್ಲೇ!” ವೆಂಕಟರತ್ನಮ್ಮ ಕಂಡವರಿಗೆಲ್ಲ ಹೇಳಿದಳು, ತಂಗಿಯೊಡನೆ ಮಾತು ಬಿಟ್ಟಳು, ತವರಿನ ಬಾಗಿಲು ಅವಳಿಗೆ ಮುಚ್ಚುವುದನ್ನೇ ಕಾದಳು.

ಮುಚ್ಚಲಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾಗಿ ತೋಪಿನ ಒಂದು ಪಾಲು ಸುನಂದಳಿಗೆ ಬಂತು.

ಈ ಯುಗಾದಿಯಂದು ತವರಿನ ಜಗಲಿಯಲ್ಲಿ ಮಾವಿನ ವ್ಯಾಪಾರಿ ಕೂತಿದ್ದ. “ಸಣ್ಣಕ್ಕ, ಈ ರೇಟಿಗೆ ಕೊಡೋಣ್ವಾ?” ಎಂದು ಅಮರನಾಥ್ ಸುನಂದಳನ್ನು ಕೇಳಿದ.

ಅವಳು ಕುರ್ಚಿ ಬಿಟ್ಟೇಳದೆ, “ಇನ್ನೊಂದ್ವಾರ ನೋಡಾಣ ಕಣೋ,” ಎಂದಳು. ವ್ಯಾಪಾರಿ ಎದ್ದುಹೋದ.

“ಕೊಟ್‌ಬಿಡಬೇಕಿತ್ತು, ಗಾಳಿ ಬೀಸಿದ್ರೆ ಕಾಯಿ ಉಳಿಯುತ್ತಾ?” ಎಂದಳು ವೆಂಕಟರತ್ನಮ್ಮ.

“ದೊಡ್ಡಕ್ಕ, ನೀನು ಒಳಗೋಗಿ ಒಬ್ಬಟ್ಟು ತಟ್ಟು. ನಿನ್ ಕೈರುಚಿ ಯಾರಿಗೈತೆ?”

ತಮ್ಮ ಅಕ್ಕರೆಯಿಂದಲೇ ಅಂದಿದ್ದ. ಉರಿದದ್ದು ಅದಕ್ಕೇ. ಹಂಚಿಗಿಂತ ಮೊದಲು ಅವಳ ಹೊಟ್ಟೆ ಕಾದಿತ್ತು. ತಂಗಿಯ ಕುರ್ಚಿ, ಅವಳು ಕಾಲ ಮೇಲೆ ಕಾಲು ಹಾಕಿದ ಠೀವಿ, ತಮ್ಮನ ದನಿಯಲ್ಲಿದ್ದ ಆ ಸಣ್ಣ ಅಳುಕು, ಎಲ್ಲವೂ ತನಗೆ ಬೇಕೆನಿಸಿತು. ಜಗಳವಾಡಿದವಳಿಗೆ ಜಗಲಿ, ಒಳ್ಳೆಯವಳಿಗೆ ಒಲೆ.

ಕುರುಡುಮಲೆಯ ತನ್ನ ಮನೆಗೆ ಮರಳಿದಾಗ ಮಗ ಅನಿಲ್‌ಕುಮಾರ್ ಕಾಯುತ್ತಿದ್ದ. ಅವನಪ್ಪ ಹೋಗಿ ವರ್ಷ ತುಂಬಿತ್ತು. “ಅಮ್ಮ, ಸೋಮವಾರ ಜಮೀನು ನನ್ನ ಹೆಸರಿಗೆ ಮಾಡಿಸೋಣ. ಮೇಘನ ಸಹಿ ಹಾಕ್ತೀನಿ ಅಂದವ್ಳೆ. ನಿನ್ ಥರಾನೇ ಅವಳು, ಒಳ್ಳೇವ್ಳು.”

ಮಗಳು ಮೇಘನ ನಾಚಿ ನಕ್ಕಳು. ಆ ನಗು ವೆಂಕಟರತ್ನಮ್ಮನಿಗೆ ಗೊತ್ತಿತ್ತು. ತಾನೂ ಹಾಗೆಯೇ ನಕ್ಕು ಪೆನ್ನು ಹಿಡಿದಿದ್ದಳು.

“ಸೋಮವಾರ ಸಹಿ ಇಲ್ಲ,” ಎಂದವಳು ಹಿತ್ತಿಲಿಗೆ ಹೋಗಿ, ಹಲ್ಲು ಕಚ್ಚಿ ತಂಗಿಗೆ ಫೋನು ಮಾಡಿದಳು.

“ಏನಕ್ಕ, ದಾರಿ ತಪ್ಪಿ ಬಂದಂಗೈತೆ?”

“ಜಂಬ ಬ್ಯಾಡ ಕಣೇ. ನಿಮ್ ಲಾಯರಮ್ಮ ಯಾವತ್ತು ಸಿಗ್ತಾಳೆ? ಮೇಘನಾನ ಕರ್ಕೊಂಡು ಹೋಗ್ಬೇಕು.”

“ಸೋಮವಾರಾನೇ ಸಿಗ್ತಾರೆ. ನಾನೂ ಬರ್ತೀನಿ ಅಕ್ಕ.”

“ಬಾ,” ಎಂದಳು ವೆಂಕಟರತ್ನಮ್ಮ. “ಆದ್ರೆ ಅಲ್ಲಿ ಮಾತಾಡೋಳು ನಾನು.”