ಚತುರ್ದಶಿಯ ರಾಕ್ಷಸ

ಸ್ಟೀಲ್ ತಾಟಿನಲ್ಲಿ ದಾಳ ಉರುಳುವ ಸದ್ದು. ಗೋಕಾಕದಲ್ಲಿ ನನ್ನ ಪಕ್ಕದ ಜೈನರ ಮನೆಯಿಂದ ಆ ಬೇಸಿಗೆ ರಜೆಯುದ್ದಕ್ಕೂ ಅದು ಕೇಳುತ್ತಿತ್ತು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಆ ಮನೆಯ ಮೊಮ್ಮಗ ಬೆಳಗಾವಿಯ ಹಾಸ್ಟೆಲ್ಲಿನಿಂದ ಒಂದು ಆಟ ತಂದಿದ್ದ. ಒಬ್ಬರು ಕತೆ ನಡೆಸಬೇಕು. ಉಳಿದವರು ಅದರೊಳಗೆ ವೀರರೋ ಮಂತ್ರವಾದಿಗಳೋ ಆಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಇಷ್ಟಕ್ಕೆ ಆ ಮಹಾಶಯ ಇನ್ನೂರು ಪುಟದ ರಿಜಿಸ್ಟರ್ ತುಂಬಿಸಿದ್ದ: ಇಲ್ಲದ ರಾಜರ ವಂಶಾವಳಿ, ಯಾರೂ ಕಾಲಿಡದ ಊರುಗಳ ನಕಾಶೆ. ಆಟ ಮಾತ್ರ ಒಂದು ದಿನವೂ ಮುಗಿದದ್ದಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಕಲಿತು ಟೀಚರ್ ಆದ ನನಗೆ ಇಂಥ ಪ್ರಿಪರೇಶನ್ ಶುದ್ಧ ಸೋಮಾರಿತನ.

ಅವನ ಕಾಕಾನ ಮಗಳು ಮೂಡಲಗಿಯಿಂದ ಬಂದಿದ್ದಳು. ಮುಂದಿನ ತಿಂಗಳು ಮದುವೆ, ಹುಕ್ಕೇರಿಗೆ. ಅದಕ್ಕೆ ಮೊದಲು ಒಮ್ಮೆಯಾದರೂ ತಾನು ಕತೆ ನಡೆಸಬೇಕೆಂಬುದು ಅವಳ ಆಸೆ.

"ಮೂರು ವಾರ ತಯಾರಿ ಬೇಕವಾ, ಉಪ್ಪಿಟ್ಟು ಮಾಡಿದಂಗಲ್ಲ" ಅಂದನಂತೆ ಅವನು. "ನಾಳಿ ಆಟ ತಗೊಂಡು ಹೊಂಟೇನಿ. ಇವತ್ತ ಮಧ್ಯಾಹ್ನ ಮಾಡಿ ತೋರಸು."

ಹತ್ತೂವರೆಗೆ ಹುಡುಗಿ ನನ್ನ ಅಡುಗೆಮನೆಯಲ್ಲಿದ್ದಳು. "ಟೀಚರ್, ಎರಡ ತಾಸಿನ್ಯಾಗ ತಯಾರಿ ಆಗತೈತೇನ್ರಿ?"

"ಹತ್ತ ನಿಮಿಷದಾಗ ಲೆಸನ್ ಪ್ಲಾನ್ ಬರದಾಕಿ ನಾ. ಪೆನ್ನು ತಗೋ."

ಹಳೆಯ ಉತ್ತರಪತ್ರಿಕೆಯ ಬೆನ್ನಿಗೆ ಬರೆದೆವು. ಒಂದೇ ಜಾಗ, ಜಲಪಾತದ ಹಿಂದಿನ ಗವಿ. ಒಂದೇ ಕೆಲಸ, ರಾಕ್ಷಸ ಕಟ್ಟಿಹಾಕಿದ ನೀರನ್ನು ಊರಿಗೆ ಬಿಡಿಸುವುದು. ಸುಳ್ಳು ಹೇಳುವ ಒಬ್ಬ ಕಾವಲುಗಾರ. ಕೊನೆಗೆ ಹೊಡೆದಾಟ, ರಾಕ್ಷಸ ಸತ್ತರೆ ಮುಗಿಯಿತು. ಯಾರಾದರೂ ವಂಶಾವಳಿ ಕೇಳಿದರೆ ಗೊತ್ತಿಲ್ಲ ಅನ್ನುವುದು.

ಆಡಲು ಕೂತವರು ಅವನು, ನಾನು, ಅವರಿಬ್ಬರ ಅಜ್ಜಿ ಆಯಿ. ಆಯಿಗೆ ಅಂದು ಉಪವಾಸ. ಮೂರು ಗಂಟೆಗೆಲ್ಲ ಗವಿಯೊಳಗಿದ್ದೆವು. ಅವನು ರಾಕ್ಷಸನ ಮೇಲೆ ಕತ್ತಿ ಎತ್ತಿದೆನೆಂದು ಹೇಳಿ ದಾಳಕ್ಕೆ ಕೈ ಚಾಚಿದ. ಆಯಿ ತಾಟನ್ನೇ ಎಳೆದುಕೊಂಡರು.

"ಇವತ್ತ ಚತುರ್ದಶಿ. ಬಾಯಿಮಾತಿಗೂ ಕೊಲ್ಲಬ್ಯಾಡ."

"ಆಯಿ, ಅದು ಸುಳ್ಳ ರಾಕ್ಷಸ."

"ಕೊಲ್ಲೂ ಮನಸ್ಸು ಖರೇದ ಐತಿಲ್ಲೋ?"

ಜೈನರ ಮನೆಯ ಆಟಕ್ಕೆ, ಅದೂ ಚತುರ್ದಶಿಯ ವ್ರತದ ದಿನ, ಕೊಲೆಯ ಕೊನೆ ಬರೆಸಿದ ಸ್ಟುಪಿಡ್ ನಾನೇ. ಅವನು ಗೋಡೆಗೊರಗಿ ಹಲ್ಲು ಕಿರಿದ. "ಮುಗೀತಲ್ಲ ನಿನ್ನ ಆಟ?"

ಹುಡುಗಿ ಹಾಳೆಯನ್ನು ಮಡಿಸಿ ತೊಡೆಯ ಕೆಳಗಿಟ್ಟುಕೊಂಡಳು. "ಆಯಿ, ರಾಕ್ಷಸ ಕೇಳಾಕತ್ತೈತಿ, ನೀವು ಉಪಾಸ ಯಾಕ ಮಾಡ್ತೀರಂತ."

ಆಯಿ ರಾಕ್ಷಸನನ್ನು ಎದುರಿಗೆ ಕೂಡಿಸಿಕೊಂಡಂತೆ ಬುದ್ಧಿ ಹೇಳಿದರು. ರಾಕ್ಷಸ ಅಡ್ಡ ಪ್ರಶ್ನೆ ಹಾಕಿತು, ಮುನಿಸಿಕೊಂಡಿತು, ಕಡೆಗೆ ನೀರು ಬಿಟ್ಟಿತು. ನಾಲ್ಕಕ್ಕೆ ಆಟ ಮುಗಿದಿತ್ತು.

"ರೂಲ್ ಬುಕ್ಕಿನ್ಯಾಗ ಇದು ಇಲ್ಲ" ಅಂದ.

"ನಿನ್ನ ರಿಜಿಸ್ಟರಿನ್ಯಾಗ ಮುಗಸೂದ ಇಲ್ಲಲ್ಲೋ" ಅಂದೆ.

ಮರುದಿನ ಆಟವನ್ನು ಒಯ್ದ. ಬಿಟ್ಟುಹೋಗು ಎಂದು ಅವಳು ಕೇಳಿದ್ದಳು, ಕೊಡಲಿಲ್ಲ.

ಅವಳನ್ನು ಕೊನೆಯ ಸಲ ಕಂಡದ್ದು ಮದುವೆಯಾದ ಮೇಲೆ, ಹುಕ್ಕೇರಿ ಸಂತೆಯಲ್ಲಿ, ಮೆಣಸಿನಕಾಯಿ ಆರಿಸುತ್ತಿದ್ದಳು. ಮನೆಯ ಹೆಂಗಸರನ್ನು ಕೂಡಿಸಿ ಮಧ್ಯಾಹ್ನ ಕತೆ ನಡೆಸುತ್ತಾಳಂತೆ, ದಾಳದ ಬದಲು ಹುಣಸೆಬೀಜ ಎಸೆದು.

"ತಯಾರಿ?"

"ಕುಕ್ಕರ್ ಕೂಗೂತನಕ, ಟೀಚರ್. ಆದರ ನಮ್ಮ ಅತ್ತಿಯವರು ದಿನಾ ರಾಣೀನ ಆಗತೇನಂತಾರ."

ಹೇಳುತ್ತ, ಮುದುರಿದ ಒಂದು ಕಾಯನ್ನು ಅಂಗಡಿಯವನ ರಾಶಿಗೆ ವಾಪಸು ಎಸೆದಳು.